ಚೀಲ

ತೌಡಿನ ಧೂಳು ರೆಪ್ಪೆಗೂದಲ ಮೇಲಿತ್ತು.
ಗ್ಯಾನಮ್ಮ, ಮೂವತ್ತೊಂದು, ಕಾರಟಗಿ, ಅಕ್ಕಿ ಗಿರಣಿ.
ಬಾಗಿಲು ಮುಚ್ಚಿದೆಯೇ ಎಂದು ಎರಡು ಸಲ ನೋಡಿ
ಸ್ಕ್ಯಾನಿನ ಹಾಳೆ ಮೇಜಿನ ಮೇಲಿಟ್ಟಳು.
“ಚೀಲ ತಗಸಬೇಕ್ರಿ. ದೊಡ್ಡ ದವಾಖಾನಿ ಗೊತ್ತು ಮಾಡೇವಿ.
ನಿಮ್ಮದೊಂದು ಚೀಟಿ ಬೇಕು, ಅಷ್ಟ.
ಎರಡು ಹಡದೀನಿ. ಇನ್ನೇನೈತಿ ಅದಕ್ಕ ಕೆಲಸ?”

ಎಷ್ಟು ದಿನ? “ಒಂಬತ್ತು. ಹತ್ತೂ ಆಗತಾವ.”
ಎಷ್ಟು ಬಟ್ಟೆ? ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ
ಗೋಡೆಯ ಲಸಿಕೆ ಪಟಕ್ಕೆ ಉತ್ತರ ಹೇಳಿದಳು.
ಕೆಳರೆಪ್ಪೆ ಎಳೆದೆ:
ಎರಡು ಸಲ ಪಾಲಿಶ್ ಕೊಟ್ಟ ಸೋನಾ ಮಸೂರಿ.

ಪರದೆಯಾಚೆ, ಸಿಸ್ಟರ್ ಹಿಡಿದ ಟಾರ್ಚಿನಲ್ಲಿ,
ಗರ್ಭದ ಬಾಯಿಗೆ ಹುಳಿನೀರಿನ ಹತ್ತಿ ಒತ್ತಿ
ಒಂದು ನಿಮಿಷ ಕಾದೆ.
ಹೊರಗೆ ಯಾರದೋ ಕೂಸು ಸೂಜಿಗೆ ಚೀರಿತು.
ಬಿಳಿ ಏಳಲಿಲ್ಲ. ಹುಣ್ಣಿಲ್ಲ, ಗಂಟಿಲ್ಲ.
‘ತುಸು ದಪ್ಪ’ ಎಂಬ ಸ್ಕ್ಯಾನಿನ ಎರಡು ಪದಕ್ಕೆ
ಮೂವತ್ತೈದು ಸಾವಿರ ಹೇಳಿದ್ದರಂತೆ.

ಜಾಣತನ ತೋರಿಸಲು ಹೋದೆ:
ಗಿರಣಿಯಲ್ಲಿ ಹರಿದ ಚೀಲ ಬಂದರೆ ಬಿಸಾಡುತ್ತೀಯಾ, ಹೊಲಿಯುತ್ತೀಯಾ?
“ಹೊಲಿಯಾಕ ದಬ್ಬಣ ಬೇಕ್ರಿ. ನೀವು ಗುಳಿಗಿ ಕೊಡಾಕತ್ತೀರಿ.”

ಹರಿವು ಹೆಚ್ಚಿದ ದಿನಗಳಿಗೆ ಒಂದು ಗುಳಿಗೆ,
ನಿತ್ಯ ಊಟದ ಮೇಲೆ ಕಬ್ಬಿಣ,
ಚಹಾ ಬೇಡ ಅದರ ಸಂಗಡ. ಮೂರು ತಿಂಗಳು ನೋಡೋಣ.
ಹುಬ್ಬು ಗಂಟಿಕ್ಕಿ, ಹಾಳೆ ಮಡಚಿ ಕುಪ್ಪಸದೊಳಗಿಟ್ಟು ಹೋದಳು.

ಎರಡನೇ ಬೆಳೆಯ ಭತ್ತ ಗಿರಣಿಗೆ ಬರುವ ಹೊತ್ತಿಗೆ ಬಂದಳು.
ಐದು ದಿನ, ಎಂದಳು, ನಾನು ಕೇಳುವ ಮೊದಲೇ,
ಅದು ದೊಡ್ಡ ಮಾತೇ ಅಲ್ಲವೆಂಬಂತೆ.
ಹಿಂದೆ ತಲೆತುಂಬ ಸೆರಗು ಹೊದ್ದ ನೆಗೆಣ್ಣಿ,
ಕೈಯಲ್ಲಿ ಅದೇ ಸ್ಕ್ಯಾನಿನವರ ಹಾಳೆ.
“ಈಕಿಗೂ ಬಟ್ಟಿ ಲೆಕ್ಕ ಕೇಳ್ರಿ.
ಬಾಗಿಲಾ ನಾ ಹಾಕ್ತೀನಿ.”