ಎಷ್ಟೆತ್ತರ ಸಾಕು

ಅಕ್ಟೋಬರಿನ ಎರಡನೆಯ ವಾರ. ಇನಾರಿ ಸರೋವರದ ಅಂಚಿಗೆ
ಗಾಜಿನ ಚೂರಿನಷ್ಟು ಮಂಜುಗಡ್ಡೆ ಕಟ್ಟಿದೆ.
ಇನ್ನು ಆರು ವಾರ. ಆಮೇಲೆ ಅದರಡಿಗೆ ಬಲೆ ಬಿಡಬೇಕು,
ಬಲೆಯ ತನಕ ಹೋಗಲು ಬಂಡಿ ಬೇಕು,
ಬಂಡಿಯ ಹೊಟ್ಟೆಯಲ್ಲಿ ಕಳೆದ ಏಪ್ರಿಲ್‌ನಿಂದ
ಏನೋ ಕರಕರ ಎನ್ನುತ್ತಿದೆ.

ಸ್ನೋಮೊಬೈಲ್ ಎಂದರೆ ಇನ್ನೂರ ನಲವತ್ತು ಕಿಲೋ ಹಟ.
ಮುಂದೆರಡು ಜಾರುಪಟ್ಟಿ, ಹಿಂದೆ ರಬ್ಬರಿನ ಪಟ್ಟಾ,
ನೋವಿರುವುದೆಲ್ಲ ಅಡಿಯಲ್ಲೇ.
ಕಾಣಬೇಕಾದರೆ ಒಂದೋ ಬಂಡಿ ಮೇಲೇಳಬೇಕು
ಇಲ್ಲವೇ ನಾನು ನೆಲಕ್ಕಿಳಿಯಬೇಕು.
ಇಳಿಯಬಲ್ಲೆ. ಏಳುವುದೇ ಪ್ರಶ್ನೆ.
ಅರವತ್ತಮೂರರ ಮೊಣಕಾಲು ಯಾರ ಮಾತೂ ಕೇಳುವುದಿಲ್ಲ.

ಇಷ್ಟು ವರ್ಷ ಎತ್ತುತ್ತಿದ್ದುದು ಪಕ್ಕದ ಮನೆಯ ಓಯಿವ, ಜೊತೆಗೆ ನಾನು.
ಅವನು ಒಂದು, ಎರಡು ಎಂದು ಎಣಿಸುತ್ತಾನೆ.
ಮೂರಕ್ಕೆ ಎತ್ತಬೇಕೋ ಮೂರಾದ ಮೇಲೋ
ಇಪ್ಪತ್ತು ಚಳಿಗಾಲ ಕಳೆದರೂ ತೀರ್ಮಾನವಾಗಲಿಲ್ಲ.
ಎತ್ತು ಏರಿಗೆ, ಕೋಣ ನೀರಿಗೆ.
ಕೊನೆಗೆ ಎರಡು ದಿಮ್ಮಿಗಳ ಮೇಲೆ ಬಂಡಿ ಕೂರುತ್ತದೆ,
ಕಾಫಿಗೆ ಓಯಿವ ಕೂರುತ್ತಾನೆ.
ಬಂಡಿ ಇಳಿದರೂ ಓಯಿವ ಏಳುವುದಿಲ್ಲ.
ಹಿಮಸಾರಂಗದ ಮಾಂಸದ ಬೆಲೆ, ತನ್ನ ಹೊಸ ಹಲ್ಲು,
ಸತ್ತುಹೋದ ನಾಯಿಯ ಗುಣಗಾನ.
ಈ ಸಲ ಬೇಡಪ್ಪ ಅಂದುಕೊಂಡೆ. ಯಂತ್ರವೇ ವಾಸಿ,
ಅದಕ್ಕೆ ಸಕ್ಕರೆ ಹಾಕಬೇಕಿಲ್ಲ.

ಮೊದಲು ಹೊಳೆದದ್ದು ರಾಟೆ:
ತೊಲೆಗೆ ಕೊಕ್ಕೆ, ಕೊಕ್ಕೆಗೆ ಸರಪಳಿ.
ಏಣಿ ಹತ್ತಿ ತೊಲೆಗೆ ಚಾಕು ಚುಚ್ಚಿದೆ,
ಬೆಣ್ಣೆಗೆ ಹೋದ ಹಾಗೆ ಹೋಯಿತು.
ಅದು ಸೂರು ಹೊತ್ತಿರುವುದೇ ಅಭ್ಯಾಸಬಲದಿಂದ.
ತಪ್ಪಾಯಿತು ಎಂದು ಇಳಿದೆ.

ಇವಾಲೋದ ಅಂಗಡಿಯಲ್ಲಿ ಸೈನಿ ಎಂಬ ಹುಡುಗಿ
ಸನ್ನೆಗೋಲಿನ ಕೆಂಪು ಲಿಫ್ಟು ತೋರಿಸಿದಳು.
ಹಿಂದಿನ ಬಂಪರಿಗೆ ಸಿಕ್ಕಿಸಿ ಹಿಡಿಕೆ ಒತ್ತಿದರೆ
ಬಾಲ ಮೇಲೆ, ಮೂತಿ ನೆಲದಲ್ಲೇ.
"ಕರಕರ ಮುಂದೆಯೋ ಹಿಂದೆಯೋ?"
ನಡುವೆ, ಅಂದೆ.

ಆಮೇಲೆ ದೊಡ್ಡದು. ಕಾಲಲ್ಲಿ ತುಳಿದರೆ ಎಣ್ಣೆಯ ಬಲದಿಂದ
ಇಡೀ ಬಂಡಿಯನ್ನು ಎದೆಯೆತ್ತರಕ್ಕೆ ಏರಿಸುವ ಮೇಜು.
"ನಿಂತೇ ಕೆಲಸ ಮಾಡಬಹುದು, ಅಜ್ಜಿ."
ನಿಲ್ಲುವ ಕಾಲಿದ್ದಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆ ಮಗಳೇ?
ಮಡಚಿಟ್ಟರೂ ಅದು ಆಲೂಗಡ್ಡೆ ಪೆಟ್ಟಿಗೆಗಳ ಜಾಗ ನುಂಗುತ್ತದೆ.
ಬೆಲೆ ಕೇಳಿ ನನ್ನ ಕೈಚೀಲ ತಾನೇ ಮುಚ್ಚಿಕೊಂಡಿತು.

ಮನೆಗೆ ಬಂದು ಹಾಲು ಕರೆಯುವ ಹಳೆಯ ಮುಕ್ಕಾಲಿ ಹುಡುಕಿದೆ.
ಹಸುಗಳು ಹೋಗಿ ಮೂವತ್ತು ವರ್ಷ, ಮುಕ್ಕಾಲಿ ಉಳಿದಿದೆ.
ಷೆಡ್ಡಿನ ಗೋಡೆಯ ಪಕ್ಕ ಅದರ ಮೇಲೆ ಕೂತು
ಬರಿಗಾಳಿಯಲ್ಲಿ ಸ್ಪ್ಯಾನರು ತಿರುಗಿಸಿದೆ.
ಕೈ ನೋಯದೆ ನಿಂತಲ್ಲಿ ಸೀಮೆಸುಣ್ಣದ ಗೆರೆ.
ಅರವತ್ತೆರಡು ಸೆಂಟಿಮೀಟರು.
ಕೆಚ್ಚಲು ಇರುತ್ತಿದ್ದುದೂ ಹೆಚ್ಚುಕಡಿಮೆ ಅಲ್ಲೇ.

ಕೊಂಡದ್ದು ಕೊನೆಗೆ, ಅಂಗಡಿಯ ಮೂಲೆಯಲ್ಲಿ
ಎಲ್ಲಕ್ಕಿಂತ ಪೆದ್ದಾಗಿ ನಿಂತಿದ್ದ ಕತ್ತರಿಕಾಲಿನದು.
ಕೈಯಲ್ಲಿ ತಿರುಗಿಸುವ ತಿರುಪು. ಎಂಬತ್ತು ಸುತ್ತಿಗೆ
ಬಂಡಿ ಗೆರೆ ಮುಟ್ಟುತ್ತದೆ. ನಾನೇ ಎಣಿಸಿದೆ,
ಯಾರೊಡನೆಯೂ ಜಗಳವಾಗಲಿಲ್ಲ.

ಸವೆದ ಬೇರಿಂಗು ಹತ್ತೇ ನಿಮಿಷಕ್ಕೆ ಸಿಕ್ಕಿತು.
ಅದರ ಹಿಂದೆ, ಚೌಕಟ್ಟಿನ ಎಡಪಟ್ಟಿಯಲ್ಲಿ,
ನಾನು ಎಂದೂ ಕಾಣದ ಒಂದು ಬೆಸುಗೆ.
ಗೇಣುದ್ದದ ಬಿರುಕಿನ ಮೇಲೆ ಮೀನಿನ ಬೆನ್ನೆಲುಬಿನ ಹಾಗೆ
ಒಂದೊಂದು ಮುಳ್ಳೂ ಸಮ.
ಓಯಿವನ ದೋಣಿಯ ಲಂಗರಿನ ಮೇಲೆ ಇದೇ ಹೊಲಿಗೆಯಿದೆ.
ಮುಂಚಿನ ವರ್ಷ ನಾನು ರೊವಾನಿಯೆಮಿಯ ಆಸ್ಪತ್ರೆಯಲ್ಲಿದ್ದಾಗ
ನನ್ನ ಬಲೆಗಳನ್ನು ನೋಡಿಕೊಂಡವನು ಅವನು.
ಆ ಬಿರುಕಿನೊಂದಿಗೆ ನಾನು ಸರೋವರದ ನಡುವಿಗೆ ಹೋಗಿದ್ದರೆ...
ಹಲ್ಲಿನ ಬಗ್ಗೆ ಮೂರು ತಾಸು ಮಾತಾಡಿದ,
ಇದರ ಬಗ್ಗೆ ಒಂದಕ್ಷರವಿಲ್ಲ.

ಫೋನು ಮಾಡಿದೆ. ಎತ್ತಲು ಕರೆದೆನೆಂದು
ಕೈಗವಸು ಹಾಕಿಕೊಂಡೇ ಬಂದ.
ಮೇಲೆದ್ದು ನಿಂತ ಬಂಡಿಯನ್ನು ನೋಡಿದ, ನನ್ನನ್ನು ನೋಡಿದ,
ಕೈ ಎಲ್ಲಿಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತ.
"ಆ ದಿಮ್ಮಿಗಳನ್ನು ಏನು ಮಾಡಿದೆ?"
ಇವೆ, ಅಂದೆ. ಎಳಕೊಂಡು ಕೂತುಕೋ.