ಎಂತೆಂಥದೋ

ಬಂದರಿನ ಸಗಟು ಗಲ್ಲಿಯಲ್ಲಿ ಜಲಜಾಕ್ಷಿ
ಚೌಕಾಶಿಗೆ ನಿಂತರೆ ನಾನು ಹೊರಗೆ ಮೂಟೆ ಕಾಯುತ್ತೇನೆ.
ಹನ್ನೊಂದು ವರ್ಷ ಇದೇ ಬಾಚಣಿಗೆಗಳನ್ನು ಸಾಗಿಸಿದವನಿಗೆ
ಡಜನಿಗೆ ಎಷ್ಟೆಂದು ತಿಳಿದದ್ದು
ಊರಿಗೆ ಬಂದು ಇವಳ ಅಂಗಡಿಯಲ್ಲಿ ಕೂತ ಮೇಲೆ.

ನಮ್ಮದು ದೊಡ್ಡ ಹಡಗಲ್ಲ ಮಾರಾಯ್ರೆ,
ದೊಡ್ಡದಕ್ಕೆ ಸರಕು ದಾಟಿಸುವ ಚಿಕ್ಕದು.
ಶಾಂತೌನಲ್ಲಿ ತುಂಬು, ನಿಂಗ್ಬೋದಲ್ಲಿ ಇಳಿಸು,
ಅಲ್ಲಿ ಬೇರೆ ತುಂಬು, ಚಿಂಗ್ದಾವ್ ಮುಟ್ಟು, ತಿರುಗಿ ಬಾ.
ಬಂದರಿನಿಂದ ಬೆಂಗ್ರೆಗೆ ಈ ಫೆರಿ ಹೇಗೋ ಹಾಗೆ,
ಹೊಳೆ ಸ್ವಲ್ಪ ಅಗಲ.

ಮದುವೆ ಊಟದ ಪಂಕ್ತಿಯಲ್ಲಿ ಕೇಳುವುದುಂಟು,
ಚೀನಾ ಹೇಗುಂಟು ಶ್ರೀಯಾನರೇ?
ಕ್ರೇನಿನ ಕಾಲು ನೋಡಿದ್ದೇನೆ. ಹಳದಿ. ನಾಲ್ಕು.
ಅದರಾಚೆ ರಾತ್ರಿಯಿಡೀ ಯಾವುದೋ ಪೇಟೆ ಝಗಝಗ.
ಆರು ತಾಸಿನ ನಿಲುಗಡೆಯಲ್ಲಿ ಇಳಿಯುವವರು ಯಾರು?
ಒಗೆದು ಹಾಕಿದ ಬನಿಯನು
ಒಂದು ಬಂದರಿನಲ್ಲಿ ಒದ್ದೆ, ಇನ್ನೊಂದರಲ್ಲಿ ಒಣಗುತ್ತಿತ್ತು.

ಕಾಗದದಲ್ಲಿ ಬರೆದದ್ದು ಇಷ್ಟೇ: ಮಿಶ್ರ ಸರಕು, ಗೃಹಬಳಕೆ.
ಪೆಟ್ಟಿಗೆಯೊಳಗೆ ಏನೆಂದು ಕಪ್ತಾನನಿಗೂ ಗೊತ್ತಿಲ್ಲ.
ಕಬ್ಬಿಣವಾದರೆ ತೂಕ ನಂಬಬಹುದು,
ಇದು ಹಗುರ, ಜಾಗ ತಿನ್ನುವ ಜಾತಿ,
ಎತ್ತರಕ್ಕೆ ಪೇರಿಸಿದಷ್ಟೂ ಗಾಳಿಗೆ ಬೆನ್ನು ಕೊಡುತ್ತದೆ.

ಒಂದು ಜನವರಿ, ಝೌಶಾನ್ ದ್ವೀಪಗಳ ಹೊರಗೆ
ಮೂರು ಪೆಟ್ಟಿಗೆ ನೀರಿಗೆ ಹೋಯಿತು.
ಎರಡು ಮುಳುಗಿತು. ಒಂದು ಬಾಯಿ ಬಿಟ್ಟಿತು.
ಬೆಳಕು ಹರಿಯುವಾಗ ನೋಡುತ್ತೇನೆ—
ಗುಲಾಬಿ ಬಣ್ಣದ ಮಕ್ಕಳ ಚಪ್ಪಲಿ, ನೂರಲ್ಲ, ಸಾವಿರ,
ಎಲ್ಲ ಒಂದೇ ದಿಕ್ಕಿಗೆ ಹೊರಳಿ ಹೊರಳಿ,
ನಡುವೆ ನೀಲಿ ಮಗ್ಗು, ಬಿಸಿನೀರಿನ ಚೀಲ,
ಬಿಚ್ಚಿಕೊಂಡ ಒಂದು ಕೊಡೆ.
ಬೂತಾಯಿ ಹಿಂಡು ಮೇಲೆದ್ದ ಹಾಗೆ ಕಂಡು
ಬಲೆ ಬೀಸುವವನ ಮಗ ನಾನು, ಕೈ ತುರಿಸಿತು.
ಯಾರೂ ಏನೂ ಹೇಳಲಿಲ್ಲ.
ಮೇಟ್ ಬರೆದುಕೊಂಡ: ನಷ್ಟ ಮೂರು. ಮಿಶ್ರ.

ಶಾಂತೌನ ಲೆಕ್ಕದವ ಲಿಯಾಂಗ್. ನಮಗೆ ಭಾಷೆ ಇಲ್ಲ.
ಒಂದೇ ಕೈಯಲ್ಲಿ ಹತ್ತರ ತನಕ ಎಣಿಸುತ್ತಿದ್ದ.
ಐದರ ತನಕ ನಮ್ಮ ಹಾಗೇ.
ಆರಕ್ಕೆ ಹೆಬ್ಬೆರಳು ಕಿರುಬೆರಳು ಎತ್ತಿ ಉಳಿದದ್ದು ಮಡಚು.
ಎಂಟಕ್ಕೆ ಪಿಸ್ತೂಲು. ಒಂಬತ್ತಕ್ಕೆ ತೋರುಬೆರಳು
ಗಾಳದ ಕೊಕ್ಕೆಯ ಹಾಗೆ. ಅದು ನನಗೆ ತಟ್ಟನೆ ಬಂತು.
ಅವರ ಹೊಸವರ್ಷಕ್ಕೆ ಹಗ್ಗದ ತುದಿಯಲ್ಲಿ
ಎರಡು ಕಿತ್ತಳೆ ಮೇಲೆ ಕಳಿಸಿದ.
ಮುಂದಿನ ಸಲ ನಾನು ಮಂಗಳೂರಿನ ಗೇರುಬೀಜ, ಕಾಲು ಕಿಲೋ.
ಅದರ ಮುಂದಿನ ಸಲ ಅವನ ಜಾಗದಲ್ಲಿ,
ಅದೇ ಕಿತ್ತಳೆ ಜಾಕೀಟಿನಲ್ಲಿ, ಬೇರೊಬ್ಬ ಹುಡುಗ.
ಕೇಳಬೇಕೆಂದಿದ್ದೆ.
ಬೆರಳಿನ ಭಾಷೆ ಹತ್ತಕ್ಕೆ ಮುಗಿಯುತ್ತದೆ.

ಈಗ ಗುರುಪುರ ಹೊಳೆಯಲ್ಲಿ ಇಳಿತ,
ಫೆರಿಯ ಹಲಗೆ ಒಂದು ಮೊಳ ಕೆಳಗೆ.
ಕೈಯಿಂದ ಕೈಗೆ ಮೂಟೆ ಇಳಿಸುತ್ತೇವೆ,
ಪಕ್ಕದಲ್ಲಿ ಶಾಲೆಯ ಮಕ್ಕಳು, ಐಸಿನ ಪೆಟ್ಟಿಗೆ,
ಕಾಲು ಕಟ್ಟಿದ ಒಂದು ಕೋಳಿ.
ಮೈಯದ್ದಿ ಟಿಕೆಟು ಹಿಡಿದು ಬರುತ್ತಾನೆ, ಮೂಟೆಗೆ ಅರ್ಧ ಚಾರ್ಜು.
"ಇದರಲ್ಲಿ ಎಂತದುಂಟು?"
"ಎಂತೆಂಥದೋ," ಎನ್ನುತ್ತಾಳೆ ಜಲಜಾಕ್ಷಿ, ಸೆರಗು ಸಿಕ್ಕಿಸುತ್ತಾ.
ಹನ್ನೊಂದು ವರ್ಷದ ಕಾಗದಗಳಿಗೆ
ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಹೊಳೆದಿರಲಿಲ್ಲ.

"ಎಷ್ಟು?"
ಇಂಜಿನಿನ ಸದ್ದಿಗೆ ನನ್ನ ಕೈ ತನ್ನಷ್ಟಕ್ಕೇ ಎದ್ದಿತು,
ಹೆಬ್ಬೆರಳು, ಕಿರುಬೆರಳು.
"ಯಾರಿಗೆ ಫೋನು?" ಎಂದ ಮೈಯದ್ದಿ.
"ಐದು," ಎಂದಳು ಇವಳು ಗಟ್ಟಿಯಾಗಿ,
ಚಪ್ಪಲಿಯ ಮೂಟೆಯನ್ನು
ಮಗುವಿನ ಹಾಗೆ ಮಡಿಲಿಗೆಳೆದುಕೊಂಡು.