ನೂರಕ್ಕೆ ಎಂಟು

ಜ್ಯೋತಿಯಲ್ಲೇ ಇಳಿದುಬಿಡುತ್ತೇನೆ.
ಮುಂದಿನ ಸ್ಟೇಜಿಗೆ ಎರಡು ರೂಪಾಯಿ ಜಾಸ್ತಿ,
ಅಲ್ಲಿಂದ ಸ್ಟೇಟ್‌ಬ್ಯಾಂಕಿನವರೆಗೆ ಇಳಿಜಾರು,
ಇಳಿಜಾರಿಗೆ ಯಾರೂ ಟಿಕೇಟು ಹರಿಯುವುದಿಲ್ಲ.

ನಮ್ಮಲ್ಲಿ ಹಾಲಿನ ತೊಟ್ಟೆ
ತೊಳೆಸಿಕೊಂಡು, ಕ್ಲಿಪ್ಪು ಸಿಕ್ಕಿಸಿಕೊಂಡು
ಬನಿಯನಿನ ಪಕ್ಕ ಒಣಗುತ್ತದೆ.
ಸವೆದ ಸಾಬೂನು ಹೊಸ ಸಾಬೂನಿನ ಬೆನ್ನೇರಿ
ಇನ್ನೊಂದು ವಾರ ಬದುಕುತ್ತದೆ.
ಪೇಸ್ಟಿನ ಟ್ಯೂಬನ್ನು ಬಟ್ಟೆಯ ಕತ್ತರಿಯಲ್ಲಿ ಸೀಳಿದ್ದಕ್ಕೆ
ಗ್ರೆಗರಿ ಒಂದು ದಿನ ಮಾತು ಬಿಟ್ಟಿದ್ದರು;
ಮಾತೂ ಉಳಿಯಿತು ಅಂದುಕೊಂಡೆ.

ಕಂಜೂಸು ಅನ್ನಿ, ಬೇಸರವಿಲ್ಲ.
ಆದರೆ ರವಿಕೆ ಹೊಲಿದು ಉಳಿದ ಗೇಣು ಬಟ್ಟೆಯನ್ನು
ಗಿರಾಕಿಗೇ ಹಿಂದೆ ಕೊಡುವವಳು ನಾನು.
ಬಿಟ್ಟಿ ಬೇರೆ, ಅಗ್ಗ ಬೇರೆ.
ಬಿಟ್ಟಿಗೆ ಕೈ ಚಾಚಿದರೆ ಸಾಕು,
ಅಗ್ಗಕ್ಕೆ ಬೆವರಬೇಕು.

ಶುಕ್ರವಾರ ಸಂಜೆ ಏಳೂವರೆ, ಮೀನು ಮಾರ್ಕೆಟ್ಟು.
ಬೆಳಗ್ಗಿನ ಮೀನಿಗೆ ಬೆಳಗ್ಗಿನ ಗರ್ವ,
ಏಳೂವರೆಗೆ ಐಸು ಕರಗಿ
ಅದೂ ಮನುಷ್ಯರ ಮಾತು ಕೇಳುತ್ತದೆ.
ಅಂಜಲನ್ನು ನೋಡುತ್ತೇನೆ, ನೋಡುವುದು ಧರ್ಮಕ್ಕೆ.
ಬಂಗುಡೆಯ ಕಿವಿರು ಎತ್ತಿ ನೋಡುತ್ತೇನೆ.
ಲೋಲಾಕ್ಷಿಯಕ್ಕ ನನ್ನ ಕಡೆ ನೋಡುವುದಿಲ್ಲ.

"ಏತ್?"
"ನೂರಕ್ಕೆ ಆರು, ಬಾಯಮ್ಮ."
"ಕಣ್ಣು ಕೆಂಪಾಗಿದೆಯಲ್ಲ ಇದರದ್ದು."
"ನಿದ್ದೆ ಇಲ್ಲ ಪಾಪ, ನಿಮ್ಮನ್ನೇ ಕಾಯುತ್ತಿತ್ತು."
"ಎಂಟು ಹಾಕು."
"ದೋಣಿಯನ್ನೂ ಬರೆದುಕೊಡ್ತೇನೆ, ತಗೊಂಡು ಹೋಗಿ!"

ಆಗ ಚೀಲ ಮಡಚಿ ಹೊರಡಬೇಕು.
ಹೊರಡುವುದು ಮೂರೇ ಹೆಜ್ಜೆ.
ಎರಡಕ್ಕೇ ತಿರುಗಿದರೆ ಮಾನ ಹೋಯಿತು,
ನಾಲ್ಕು ನಡೆದರೆ ಮೀನು.
ಮೂರನೆಯದು ನೆಲಕ್ಕೆ ತಾಗುವಾಗ ಸರಿಯಾಗಿ ಬೆನ್ನ ಹಿಂದೆ
"ಬಲೆ, ಬಲೆ, ಏಳು ಮಾಡಿಕೊಳ್ಳಿ."
ಹನ್ನೊಂದು ವರ್ಷ, ಒಂದು ಸಲವೂ ತಪ್ಪಲಿಲ್ಲ.
ಗೆದ್ದ ಏಳನ್ನು ಹೊತ್ತು ಹಂಪನಕಟ್ಟೆಯ ಏರನ್ನು
ನಡೆದೇ ಹತ್ತುತ್ತಿದ್ದೆ,
ಬಸ್ಸಿನ ದುಡ್ಡೂ ಉಳಿಯುತ್ತಿತ್ತು.

ಈ ವರ್ಷ ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ
ಆ ಜಾಗದಲ್ಲಿ ಸೊಸೆ. ಅಶ್ವಿತಾ.
ಅತ್ತೆಗೆ ಮೊಣಗಂಟಿನ ಆಪರೇಶನ್, ಇನ್ನು ಕೂರಲಿಕ್ಕಾಗದಂತೆ.
ಬುಟ್ಟಿಗೆ ಒರಗಿಸಿಟ್ಟ ಸ್ಕ್ಯಾನರಿನ ಮೇಲೆ ಎರಡು ಹುರುಪೆ.
"ನೂರಕ್ಕೆ ಎಂಟು," ಅಂದಳು.
ನಾನಿನ್ನೂ ಕಿವಿರು ಎತ್ತಿರಲಿಲ್ಲ.
"ಎಂಟಾ?"
"ಅತ್ತೆ ಎಲ್ಲರಿಗೂ ಎಂಟೇ ಅಲ್ವಾ ಕೊಡುತ್ತಿದ್ದದ್ದು?"

ಕಟ್ಟಿಸಿಕೊಂಡೆ. ಏನು ಮಾಡುವುದು.
ಬಸ್ಸಿನಲ್ಲಿ ಬಂದೆ.

ರಾತ್ರಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ:
ವಾರಕ್ಕೊಂದು ಬಂಗುಡೆ,
ಮಳೆಗಾಲದ ಒಂಬತ್ತು ವಾರ ಕಳೆದು ವರ್ಷಕ್ಕೆ ನಲವತ್ತಮೂರು,
ಹನ್ನೊಂದು ವರ್ಷಕ್ಕೆ ನಾನೂರ ಎಪ್ಪತ್ತಮೂರು.
ದೋಣಿ ತುಂಬಲಿಕ್ಕಿಲ್ಲ, ಒಂದು ರೋಸಿನ ಊಟಕ್ಕೆ ಧಾರಾಳ ಸಾಕು.
ಎಂಟನೆಯದರ ಮುಳ್ಳು ಬಿಡಿಸುತ್ತ ಗ್ರೆಗರಿ
"ಇವತ್ತು ಖಾರ ಹಿಡಿಯಲಿಲ್ಲ ಸೆವ್ರಿನ್" ಅಂದರು.
ಹಿಡಿದಿರಲಿಲ್ಲ.

ಸಿಟ್ಟು ಬಂದದ್ದು ನಿಜ.
ನಗು ಬಂದದ್ದು ತಡವಾಗಿ, ಕಾವಲಿ ಉಜ್ಜುವಾಗ,
ಅದೂ ಅರ್ಧ.
ಆ ಹೆಂಗಸು ನನಗೊಬ್ಬಳಿಗೇ ಆರು ಹೇಳುತ್ತಿದ್ದಳು.
ನನಗೊಬ್ಬಳಿಗೇ.

ಮುಂದಿನ ಶುಕ್ರವಾರ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ.
"ನೋಡು ಮಗಾ, ನನಗೆ ಎಂಟು ಅನ್ನಬೇಡ.
ಆರು ಅನ್ನು.
ಮತ್ತಿನದ್ದು ನಾನು ನೋಡಿಕೊಳ್ಳುತ್ತೇನೆ."

ಹುಡುಗಿ ಮೊಬೈಲು ಕೆಳಗಿಟ್ಟಳು.
ನನ್ನ ಮುಖ ನೋಡಿದಳು, ಚೀಲ ನೋಡಿದಳು,
ಚಪ್ಪಲಿಗೆ ಮೂರನೆಯ ಸಲ ಹಾಕಿಸಿದ ಹೊಲಿಗೆ ನೋಡಿದಳು.
ಬಂಗುಡೆಗಳ ಮೇಲೆ ನೀರು ಚಿಮುಕಿಸಿದಳು.

"ಐದು," ಅಂದಳು.

ಚೀಲ ಮಡಚಿದೆ.
ಒಂದು.
ಎರಡು.